ಬೆಳಕಿನ ಗಂಟುಮೂಟೆ: ಹೊಸದುರ್ಗದ ಸೀಮೆಯಲ್ಲಿ ಒಂದು ರಾತ್ರಿ

ಕಳೆದ ಕಾರ್ತಿಕ ಮಾಸದಲ್ಲಿ ನಾವು ಹೊಸದುರ್ಗದ ಸೀಮೆಗೆ ಹೋಗಿಬರುವ ಪ್ರಸಂಗ ಒದಗಿತು. ಹಾವೇರಿಯಿಂದ ದಾವಣಗೆರೆ, ಅಲ್ಲಿಂದ ಹೊಳಲ್ಕೆರೆ, ಮುಂದೆ ಹೊಸದುರ್ಗ. ಜೊತೆಗೆ ಹತ್ತು ವರ್ಷದ ಮೊಮ್ಮಗನಿದ್ದ. ಹೊಳಲ್ಕೆರೆ ದಾಟುತ್ತಲೇ ತೆಂಗು ಅಡಕೆಯ ತೋಟಗಳು, ಅವುಗಳ ಆಚೆಗೆ ಬೋಳು ಗುಡ್ಡಗಳು. ಗುಡ್ಡಗಳ ನೆತ್ತಿಯ ಮೇಲೆ ಬಿಳಿಯ ಗಾಳಿಯಂತ್ರಗಳು ಮೂರು ಮೂರು ರೆಕ್ಕೆಗಳನ್ನು ನಿಧಾನವಾಗಿ ತಿರುಗಿಸುತ್ತ ನಿಂತಿದ್ದವು. ಹುಡುಗ ಬಸ್ಸಿನ ಕಿಟಕಿಗೆ ಮುಖ ಹಚ್ಚಿ, "ಅಜ್ಜಾ, ಅಷ್ಟು ಎತ್ತರದಾಗಿಂದ ಕರೆಂಟು ಕೆಳಗ ಹೆಂಗ ಬರತೈತಿ?" ಎಂದು ಕೇಳಿದ. "ತಂತಿಯೊಳಗ ಬರತೈತಿ" ಎಂದು ಹೇಳಿ ನಾವು ಕಣ್ಣು ಮುಚ್ಚಿದೆವು. ಆ ತಂತಿಯ ಮಾತು ಅದೇ ದಿನ ಸಂಜೆ ನಮ್ಮನ್ನು ಬೆನ್ನಟ್ಟಿ ಬರುವುದೆಂದು ನಮಗೆ ತಿಳಿದಿರಲಿಲ್ಲ.

ಮೊದಲು ಸಾಣೇಹಳ್ಳಿಗೆ ಹೋದೆವು. ಹೊಸದುರ್ಗ ತಾಲ್ಲೂಕಿನ ಈ ಚಿಕ್ಕ ಊರು ನಮ್ಮ ಓದುಗ ಬಂಧುಗಳಿಗೆ ಹೊಸದಲ್ಲ. ಅಲ್ಲಿಯ ಮಠದ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಶ್ರಯದಲ್ಲಿ 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘ ಹುಟ್ಟಿತು. 1997ರಲ್ಲಿ 'ಶಿವಸಂಚಾರ'ವೆಂಬ ತಿರುಗಾಟದ ತಂಡ ಹೊರಟಿತು. 2008ರಲ್ಲಿ ರಂಗಶಿಕ್ಷಣದ ಶಾಲೆಯೂ ಆರಂಭವಾಯಿತು. ಮಠವೊಂದು ಬಣ್ಣ, ವೇಷ, ಪರದೆಗಳನ್ನು ಒಂದು ಗಾಡಿಯಲ್ಲಿ ತುಂಬಿ ಊರೂರಿಗೆ ಕಳುಹಿಸುವುದೆಂದರೆ ನಮ್ಮ ಬಾಲ್ಯದಲ್ಲಿ ಯಾರೂ ನಂಬುತ್ತಿರಲಿಲ್ಲ. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ನಾಟಕ ನೋಡಲು ಕದ್ದು ಹೋದವರಿಗೆ ಮರುದಿನ ಪಂಕ್ತಿಯಲ್ಲಿ ಊಟವಿರುತ್ತಿರಲಿಲ್ಲ! ನಾವು ಹೋದ ಹೊತ್ತಿಗೆ ನಾಟಕೋತ್ಸವ ಮುಗಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಯಲು ರಂಗಮಂದಿರ ಖಾಲಿಯಾಗಿತ್ತು. ಮೊಮ್ಮಗ ಮೇಲಿನ ಮೆಟ್ಟಿಲಿನಿಂದ ಕೆಳಗಿನವರೆಗೆ ನಾಲ್ಕು ಸಲ ಓಡಿದ. ನಾವು ಒಂದು ಮೂಲೆಯಲ್ಲಿ ಕುಳಿತು ತಂಪು ಗಾಳಿ ಸೇವಿಸಿದೆವು.

ನಾವು ಆ ಸೀಮೆಗೆ ಹೋದದ್ದು ಮುಖ್ಯವಾಗಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಕರೆಗೆ. ಅವರು ಹದಿನಾಲ್ಕು ಜನರ ಸಣ್ಣ ನಾಟಕ ತಂಡವೊಂದನ್ನು ಕಟ್ಟಿಕೊಂಡು ದೀಪಾವಳಿಯ ನಂತರ ನಾಲ್ಕು ತಿಂಗಳು ಊರೂರು ತಿರುಗುತ್ತಾರೆ. ತಮ್ಮ ಹೆಸರಾಗಲಿ ತಂಡದ ಹೆಸರಾಗಲಿ ಅಚ್ಚಾಗುವುದು ಬೇಡವೆಂದು ಕೇಳಿಕೊಂಡಿದ್ದರಿಂದ ಇಲ್ಲಿ ಬರೆಯುತ್ತಿಲ್ಲ. ಆ ಸಂಜೆ ಅವರ ಆಟ ಸಾಣೇಹಳ್ಳಿಯಿಂದ ಹತ್ತಾರು ಮೈಲಿ ದೂರದ ಒಂದು ಹಳ್ಳಿಯ ಶಾಲೆಯ ಬಯಲಿನಲ್ಲಿತ್ತು. ಏಳೂವರೆಗೆ ನಾಟಕವೆಂದು ಡಂಗುರ ಸಾರಿದ್ದರು. ನಾವು ನಾಲ್ಕು ಗಂಟೆಗೇ ಹೋಗಿ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ನಾಲ್ಕೂವರೆಯಾಯಿತು, ಐದಾಯಿತು, ಗಾಡಿಯ ಸುಳಿವಿಲ್ಲ. ಹಿಂದಿನ ಊರಿನಿಂದ ಬರುವಾಗ ಚಕ್ರ ಪಂಕ್ಚರ್ ಆಗಿ ತಡವಾಯಿತಂತೆ. ಗಾಡಿ ಬಂದು ನಿಂತಾಗ ಗಡಿಯಾರ ಆರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಕಾರ್ತಿಕದ ಹೊತ್ತು, ಸೂರ್ಯ ಆಗಲೇ ಇಳಿಯುತ್ತಿದ್ದ. ಊರಿನ ಹಿರಿಯರು, "ಇವತ್ತಿನ ಆಟ ಹತ್ತಕ್ಕೇ ಸೈ" ಎಂದು ಮನೆಗೆ ಎದ್ದು ಹೋದರು.

ನಮ್ಮ ಎದೆ ಮಾತ್ರ ಸುಮ್ಮನೆ ಢವಗುಟ್ಟತೊಡಗಿತು. ಅದಕ್ಕೊಂದು ಹಳೆಯ ಕಾರಣವಿದೆ.

1994ರ ಮಾತು. ನಮ್ಮೂರ ಜಾತ್ರೆಯಲ್ಲಿ ಹುಡುಗರು ಶರಣರ ಚರಿತ್ರೆಯ ನಾಟಕ ಹೂಡಿದ್ದರು. ಜಾತ್ರಾ ಸಮಿತಿಯಲ್ಲಿ ನಾಟಕದ ಹೊಣೆ ನಮ್ಮದು. ದೀಪ ಮತ್ತು ಸೀನರಿಯನ್ನು ಪಕ್ಕದ ಪೇಟೆಯಿಂದ ಬಾಡಿಗೆಗೆ ತರಿಸಿದ್ದೆವು. ಟ್ರ್ಯಾಕ್ಟರಿನಿಂದ ಇಳಿದ ಒಂದು ಗೋಣಿಚೀಲವನ್ನು ಬಾಯಿ ಬಿಚ್ಚಿ ಸುರಿದಾಗ ಕಪ್ಪು, ಬಿಳಿ, ಕೆಂಪು ವಯರುಗಳೆಲ್ಲ ಒಂದೇ ಮುದ್ದೆಯಾಗಿ ಕೆಳಗೆ ಬಿದ್ದವು, ತಿಪ್ಪೆಯ ಮೇಲೆ ಕೋಳಿ ಕೆದರಿದ ಕರುಳಿನಂತೆ. ಒಂದು ತುದಿ ಹಿಡಿದು ಎಳೆದರೆ ಇನ್ನೊಂದು ಕಡೆ ಗಂಟು ಬಿಗಿಯುತ್ತಿತ್ತು. ನಾಲ್ಕು ಜನ ಎರಡು ತಾಸು ಕುಳಿತು ಸಿಕ್ಕು ಬಿಡಿಸಿದರು. ಆ ನಡುವೆ ಭರಣಿ ಮಳೆಯ ನಾಲ್ಕು ಹನಿಯೂ ಬಿದ್ದು ನೆಲ ಒದ್ದೆಯಾಯಿತು. ಜನ ಸೀಟಿ ಹೊಡೆಯತೊಡಗಿದರು. ನಾವು ಹತ್ತು ಸಲ ಹೋಗಿ, "ಲಗೂನ ಮಾಡ್ರಿ, ಮರ್ಯಾದಿ ಹೋಗತೈತಿ" ಎಂದು ಗದರಿದೆವು. ಆ ಅವಸರದಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ವಯರನ್ನು ಕೊಡವಿ ಎಳೆದ. ಅದರ ನಡುವೆ ಎಂದೋ ಜೋಡಿಸಿ ಟೇಪು ಸುತ್ತಿದ್ದ ಒಂದು ಜಾಯಿಂಟು ಇತ್ತು, ಟೇಪು ಬಿಚ್ಚಿಹೋಗಿತ್ತು, ಇನ್ನೊಂದು ತುದಿಯನ್ನು ಯಾರೋ ಆಗಲೇ ಪ್ಲಗ್ಗಿಗೆ ಸಿಕ್ಕಿಸಿದ್ದರು. ಹುಡುಗ ಬದುಕಿದ. ದೇವರು ದೊಡ್ಡವನು. ಆದರೆ ಅವನ ಬಲಗೈಯ ಎರಡು ಬೆರಳುಗಳು ಸುಟ್ಟು ಮಡಚಿಕೊಂಡವು, ಇಂದಿಗೂ ಬಿಚ್ಚಿಲ್ಲ. ದೀಪದವರು ವಯರನ್ನು ಬೈದರು. ಊರವರು ದೀಪದವರನ್ನು ಬೈದರು. ಗದರಿದ ನಮ್ಮನ್ನು ಯಾರೂ ಏನೂ ಅನ್ನಲಿಲ್ಲ. ಮೂವತ್ತು ವರ್ಷ ಕಳೆದರೂ ಆ 'ಲಗೂನ' ಎಂಬ ಶಬ್ದ ನಮ್ಮ ಕಿವಿಯಲ್ಲಿದೆ.

ಆದ್ದರಿಂದ ಆ ಸಂಜೆ ನಾವು ಗಾಡಿಯ ಬಳಿಗೆ ಹೋಗಲೇ ಇಲ್ಲ. ಕಟ್ಟೆಯ ಮೇಲೆಯೇ ಕುಳಿತು ನೋಡಿದೆವು. ಅಲ್ಲಿ ನಡೆದದ್ದು ನಾವು ನಿರೀಕ್ಷಿಸಿದ್ದಕ್ಕೆ ವಿರುದ್ಧವಾದದ್ದು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಗಾಡಿಯ ಹಿಂಬಾಗಿಲು ತೆರೆಯುತ್ತಲೇ ಮೊದಲು ಹೊರಬಂದದ್ದು ದೀಪವೂ ಅಲ್ಲ, ಪರದೆಯೂ ಅಲ್ಲ: ಎರಡು ಜೊತೆ ಕಬ್ಬಿಣದ ಸ್ಟ್ಯಾಂಡು ಮತ್ತು ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಖಾನೆಗಳು, ಒಂದೊಂದು ಖಾನೆಯಲ್ಲಿ ಸಿಂಬೆಯಂತೆ ದುಂಡಗೆ ಸುತ್ತಿದ ವಯರುಗಳು, ಪ್ರತಿ ಸಿಂಬೆಗೂ ಬಟ್ಟೆಯ ಲಾಡಿ. ಒಬ್ಬ ಹುಡುಗ ಒಂದು ಸಿಂಬೆಯ ಲಾಡಿ ಬಿಚ್ಚಿ, ಒಂದು ತುದಿಯನ್ನು ಎಡಗೈಯಲ್ಲಿ ಹಿಡಿದು, ಉಳಿದದ್ದನ್ನು ಬಲೆ ಬೀಸುವ ಬೆಸ್ತನಂತೆ ಮುಂದಕ್ಕೆ ಎಸೆದ. ಅದು ನೆಲದ ಮೇಲೆ ಒಂದೇ ಗೆರೆಯಾಗಿ ಬಿದ್ದಿತು. ಒಂದು ಗಂಟಿಲ್ಲ, ಒಂದು ತಿರುಚಿಲ್ಲ. ನಾವು ಕಟ್ಟೆಯಿಂದ ಇಳಿದೆವು.

ತಂಡದ ದೀಪಗಳ ಹೊಣೆ ಹೊತ್ತವರು ಗುಳೇದಗುಡ್ಡದ ಕಡೆಯ ನೇಕಾರ ಮನೆತನದವರು, ಐವತ್ತರ ಆಸುಪಾಸು. ಎಲ್ಲರೂ ಅವರನ್ನು 'ಮಾಸ್ತರ್' ಎನ್ನುತ್ತಾರೆ. ನಾವು ಆ ಎಸೆತದ ಗುಟ್ಟು ಕೇಳಿದಾಗ ಅವರು ನಕ್ಕು, "ಎಸಿಯೂದ್ರಾಗ ಏನೂ ಇಲ್ರಿ ಶಾಸ್ತ್ರಿಗಳ, ನಿನ್ನೆ ರಾತ್ರಿ ಸುತ್ತಿದ್ರಾಗ ಐತಿ" ಎಂದರು. ಅಷ್ಟು ಹೇಳಿ ಏಣಿ ಹತ್ತಿಯೇ ಬಿಟ್ಟರು. ಗುಟ್ಟು ತಿಳಿಯಲು ನಾವು ನಡುರಾತ್ರಿಯವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಕಣ್ಣಿಗೆ ಕಂಡದ್ದನ್ನು ಹೇಳುತ್ತೇವೆ. ಹಿಂಬದಿಯ ಅಡ್ಡಗಂಬಕ್ಕೆ ಆರು ದೀಪ ಕಟ್ಟಬೇಕಿತ್ತು. ಸಾಮಾನ್ಯವಾಗಿ ಒಂದೊಂದು ದೀಪಕ್ಕೂ ಒಂದೊಂದು ವಯರು ಎಳೆದು, ಎಲ್ಲವನ್ನೂ ಕೊನೆಯಲ್ಲಿ ಹೇಗೋ ಕಟ್ಟುವುದು ವಾಡಿಕೆ. ಇವರಲ್ಲಿ ಹಾಗಲ್ಲ. ಗಂಬದ ಉದ್ದಕ್ಕೆ ಬೇಕಾಗುವ ವಯರುಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಮೊಳಕ್ಕೊಂದು ಕಡೆ ಟೇಪು ಸುತ್ತಿ, ಒಂದೇ ದಪ್ಪ ಹಗ್ಗದಂತೆ ಮಾಡಿದ್ದಾರೆ. ಎಲ್ಲಿ ದೀಪ ಬರಬೇಕೋ ಅಲ್ಲಿ ಮಾತ್ರ ಒಂದು ಗೇಣು ಬಾಲ ಹೊರಗೆ ಚಾಚಿದೆ, ಬಳ್ಳಿಯ ಗೆಣ್ಣಿನಿಂದ ಚಿಗುರು ಹೊರಟ ಹಾಗೆ. ಗಂಬದ ಮೇಲೆ ಅದನ್ನು ಹಾಸಿ ಆರು ಕಡೆ ಲಾಡಿ ಬಿಗಿದು, ಬಾಲಗಳನ್ನು ದೀಪಗಳಿಗೆ ಸಿಕ್ಕಿಸಿದರೆ ಮುಗಿಯಿತು. ಇಂಗ್ಲಿಷಿನವರು ಇಂಥ ಕಟ್ಟಿಗೆ 'ಲೂಮ್' ಎನ್ನುತ್ತಾರೆ. ಮಗ್ಗಕ್ಕೂ ಅವರಲ್ಲಿ ಅದೇ ಪದ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಈ ಮಾತು ಹೇಳಿದಾಗ ಅವರಿಗೆ ಆದ ಸಂತೋಷ ನೋಡಬೇಕಿತ್ತು.

ಅಂದಹಾಗೆ ವಯರಿನ ಗೋಳು ರಂಗಭೂಮಿಗೆ ಬಹಳ ಹಳೆಯದೇನೂ ಅಲ್ಲ. ಬಯಲಾಟಕ್ಕೆ ದೀವಟಿಗೆ ಸಾಕಾಗಿತ್ತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದು 1902ರಲ್ಲಿ, ಅದು ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಎಣ್ಣೆ ದೀಪ, ಗ್ಯಾಸ್ ಬತ್ತಿಗಳಿಗೆ ಬೇಕಾದದ್ದು ಎಣ್ಣೆ, ಪಂಪು, ಎಚ್ಚರದ ಒಬ್ಬ ಮನುಷ್ಯ, ವಯರಲ್ಲ. ವಿದ್ಯುತ್ತು ಬಂದ ಮೇಲೆ ದೀಪವನ್ನು ನಿಧಾನವಾಗಿ ಮಂಕಾಗಿಸಲು ಉಪ್ಪುನೀರಿನ ಪಾತ್ರೆಯಲ್ಲಿ ಲೋಹದ ತಗಡನ್ನು ಏರಿಳಿಸುತ್ತಿದ್ದ ಕಾಲವೂ ಇತ್ತು. ಈಗ ಹಾಗೆ ಮಾಡಿದವರನ್ನು ಯಾರೂ ರಂಗದ ಹತ್ತಿರ ಬಿಡಲಾರರು, ಬಿಡಬಾರದು.

ಮಾಸ್ತರರು ಕೆಲಸಕ್ಕೆ ಸೇರಿದ ಕಾಲಕ್ಕೆ ಎಲ್ಲವೂ ಸಾವಿರ ವಾಟಿನ ಬಲ್ಬುಗಳು. ನಮ್ಮ 230 ವೋಲ್ಟಿನಲ್ಲಿ ಅಂಥ ಒಂದು ದೀಪ ನಾಲ್ಕೂಕಾಲು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ. 15 ಆಂಪಿಯರಿನ ಪ್ಲಗ್ಗಿಗೆ ಮೂರೇ ದೀಪ. ನಾಲ್ಕನೆಯದು ಹಚ್ಚಿದರೆ ಪ್ಲಗ್ಗು ಕಾಯುತ್ತದೆ. ಇಪ್ಪತ್ತನಾಲ್ಕು ದೀಪದ ತಂಡಕ್ಕೆ ನೂರು ಆಂಪಿಯರಿಗೂ ಮಿಕ್ಕ ಕರೆಂಟು ಬೇಕು, ಹಳ್ಳಿಯ ಶಾಲೆಯ ಮೀಟರು ಅದನ್ನು ಕನಸಿನಲ್ಲಿಯೂ ಕಂಡಿರದು. ಈಗ ಎಲ್.ಇ.ಡಿ. ದೀಪಗಳು ಬಂದಿವೆ. ಇವರ ದೀಪ ಒಂದಕ್ಕೆ ನೂರೈವತ್ತು ವಾಟು. ಇಪ್ಪತ್ತನಾಲ್ಕೂ ಒಟ್ಟಿಗೆ ಉರಿದರೆ ಹದಿನಾರು ಆಂಪಿಯರಿನ ಆಸುಪಾಸು. ವಯರಿನ ಭಾರ ಬಹಳ ಇಳಿಯಿತು. ಆದರೆ ಅದರ ಜಾತಿ ಎರಡಾಯಿತು! ಒಂದು ಕರೆಂಟಿನದು, ಇನ್ನೊಂದು ಅಪ್ಪಣೆಯದು. ಯಾವ ದೀಪ ಯಾವ ಬಣ್ಣದಲ್ಲಿ ಎಷ್ಟು ಬೆಳಗಬೇಕೆಂದು ಹೇಳುವ ಈ ಎರಡನೆಯ ವಯರಿಗೆ ಡಿ.ಎಂ.ಎಕ್ಸ್. ಎಂದು ಹೆಸರು. 1986ರಲ್ಲಿ ಅಮೆರಿಕೆಯಲ್ಲಿ ರೂಪುಗೊಂಡ ಪದ್ಧತಿಯಿದು, ಒಂದು ವಯರಿನಲ್ಲಿ 512 ಅಪ್ಪಣೆಗಳು ಹೋಗುತ್ತವೆ. ಇದು ಒಂದು ದೀಪದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರಪಳಿಯಂತೆ ಸಾಗಬೇಕು; ನಡುವೆ ಕವಲೊಡೆಯಬಾರದು. ಒಂದು ಸರಪಳಿಯಲ್ಲಿ 32ಕ್ಕಿಂತ ಹೆಚ್ಚು ದೀಪ ಇರಬಾರದು, ಕೊನೆಯ ದೀಪಕ್ಕೆ 120 ಓಮಿನ ಒಂದು ಪುಟ್ಟ ಬಿರಡೆ ಹಾಕಬೇಕು. ಇಲ್ಲದಿದ್ದರೆ ಅಪ್ಪಣೆ ಗೋಡೆಗೆ ಬಡಿದ ದನಿಯಂತೆ ಮರಳಿ ಬಂದು, ಕಲ್ಯಾಣದ ಪ್ರಸಂಗದ ನಡುವೆ ದೀಪಗಳು ಕಾರಣವಿಲ್ಲದೆ ಕಣ್ಣು ಮಿಟುಕಿಸತೊಡಗುತ್ತವೆ.

ಈ ಅಪ್ಪಣೆಯ ವಯರೂ ಧ್ವನಿವರ್ಧಕದ ಮೈಕಿನ ವಯರೂ ನೋಡಲು ಅವಳಿ ಮಕ್ಕಳು. ಅನೇಕ ಕಡೆ ಎರಡಕ್ಕೂ ಅದೇ ಮೂರು ಕಡ್ಡಿಯ ತುದಿ. ಒಳಗಿನ ಎಳೆಗಳ ಗುಣ ಮಾತ್ರ ಬೇರೆ. ಮೈಕಿನ ವಯರನ್ನು ಇಲ್ಲಿ ಹಾಕಿದರೆ ಒಂದು ದಿನ ನಡೆಯುತ್ತದೆ, ಇನ್ನೊಂದು ದಿನ ಕೈಕೊಡುತ್ತದೆ. ಏಕೆ ಕೈಕೊಟ್ಟಿತೆಂದು ಹುಡುಕಲು ಒಂದು ತಾಸು. ಅದಕ್ಕೇ ಇವರು ದೀಪದ ಅಪ್ಪಣೆಯ ವಯರುಗಳಿಗೆಲ್ಲ ಬಿಳಿಯ ಪಟ್ಟಿ ಸುತ್ತಿ, ಬೇರೆಯೇ ಚೀಲದಲ್ಲಿ ಇಡುತ್ತಾರೆ. ಧ್ವನಿಯವರು ಆ ಚೀಲ ಮುಟ್ಟಿದರೆ ಒಂದು ಚಹಾದ ದಂಡ.

ಕರೆಂಟಿನ ವಯರುಗಳ ಗುರುತೂ ಸರಳ. ಒಂದು ಸುತ್ತು ಪಟ್ಟಿಯಿದ್ದರೆ 5 ಮೀಟರು, ಎರಡಿದ್ದರೆ 10, ಮೂರಿದ್ದರೆ 15, ನಾಲ್ಕಿದ್ದರೆ 20. ನಡುವಿನ ಅಳತೆಗಳಿಲ್ಲ. ಎರಡು ತುದಿಗೂ ಪಟ್ಟಿ ಇರಬೇಕು, ಏಕೆಂದರೆ ಕೈಗೆ ಯಾವ ತುದಿ ಸಿಗುವುದೋ ಯಾರು ಬಲ್ಲರು? ಮೊದಲು ಅವರು ಬಣ್ಣವೊಂದನ್ನೇ ಗುರುತಾಗಿ ಇಟ್ಟಿದ್ದರಂತೆ. ರಂಗದ ಮೇಲೆ ಕೆಂಪು ಬೆಳಕು ಬಿದ್ದಾಗ ಹಸಿರು ಪಟ್ಟಿ ಕಪ್ಪಾಗಿ, ಹಳದಿಯೂ ಬಿಳಿಯೂ ಒಂದೇ ಆಗಿ ಕಾಣತೊಡಗಿದ ಮೇಲೆ ಎಣಿಕೆಯ ಪದ್ಧತಿಗೆ ಬಂದರು. ಉಬ್ಬಿದ ಪಟ್ಟಿಯನ್ನು ಕತ್ತಲೆಯಲ್ಲಿ ಬೆರಳಿನಿಂದಲೂ ಎಣಿಸಬಹುದು. ಇದನ್ನು ಕೇಳಿ ನಮಗೆ ನಮ್ಮ ಪಾಠಶಾಲೆಯ ತಾಡವೋಲೆಗಳ ನೆನಪಾಯಿತು. ಒಂದು ಕಟ್ಟಿನ ದಾರ ಹರಿದು ಇನ್ನೂರು ಗರಿಗಳು ಚೆದುರಿದ್ದವು. ಅಂಚಿನಲ್ಲಿ ಬರೆದ ಗರಿಯ ಸಂಖ್ಯೆ ಗೆದ್ದಲಿಗೆ ತುತ್ತಾದ ಕಡೆಗಳಲ್ಲಿ ಒಂದು ಗರಿಯ ಸ್ಥಾನ ಹುಡುಕಲು ನಾವು ವಾರಗಟ್ಟಲೆ ತಿಣುಕಿದ್ದೆವು. ಬರೆದ ಲಿಪಿಕಾರ ಒಂದು ಅಂಕಿಯನ್ನು ಎರಡು ಕಡೆ ಹಾಕಿದ್ದರೆ ಆ ವಾರಗಳು ಉಳಿಯುತ್ತಿದ್ದವಲ್ಲ ಎಂದು ಆಗ ಗುರುಗಳು ಗೊಣಗುತ್ತಿದ್ದರು.

ಇನ್ನು ವಯರು ಹಾಯುವ ದಾರಿ. ಹೆಂಗಸರು ಮಕ್ಕಳು ಬಂದುಹೋಗುವ ಜಾಗವನ್ನು ಬಿಟ್ಟು, ಬಯಲಿನ ಅಂಚಿನಿಂದಲೇ ಸುತ್ತಿ ತಂದರು. ದಾಟಲೇಬೇಕಾದ ಒಂದು ಕಡೆ ಮೇಲೆ ರಬ್ಬರಿನ ದಪ್ಪ ಹಾಸು ಹಾಕಿ ಎರಡೂ ಅಂಚಿಗೆ ಮಣ್ಣು ಒತ್ತಿದರು. ಹತ್ತಿರದ ದಾರಿಯಲ್ಲಿ ಎಳೆದಿದ್ದರೆ ಇಪ್ಪತ್ತು ಮೀಟರು ಉಳಿಯುತ್ತಿತ್ತಲ್ಲ ಎಂದೆವು. "ಉಳಿತಿತ್ರಿ. ಆದ್ರ ಕೂಸು ಎತಿಗೊಂಡು ಬರೂ ತಾಯಿ ಕಾಲಿಗೆ ತೊಡರತಿತ್ತು" ಎಂದರು ಮಾಸ್ತರರು. ಸುತ್ತು ದಾರಿಯೂ ಪುಕ್ಕಟೆಯಲ್ಲ. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ ಐವತ್ತು ಮೀಟರು ದೂರಕ್ಕೆ ಹದಿಮೂರು ಆಂಪಿಯರು ಹರಿದರೆ ದಾರಿಯಲ್ಲೇ ಹತ್ತು ವೋಲ್ಟಿನಷ್ಟು ಸೋರಿಹೋಗುತ್ತದೆ. ಹಳೆಯ ಬಲ್ಬುಗಳಾಗಿದ್ದರೆ ಅಷ್ಟಕ್ಕೇ ಬೆಳಕು ಕೆಂಪಡರಿ ಮಂಕಾಗುತ್ತಿತ್ತು. ಈ ಲೆಕ್ಕವೆಲ್ಲ ಅವರಿಗೆ ಬಾಯಿಪಾಠ.

ಒಂದು ಕಡೆ ಮಾತ್ರ ಮಾಸ್ತರರು ಸಿಟ್ಟಾದದ್ದನ್ನು ಕಂಡೆವು. ಹುಡುಗನೊಬ್ಬ ಇಪ್ಪತ್ತು ಮೀಟರಿನ ವಯರನ್ನು ಎಂಟು ಮೀಟರಿನ ಜಾಗಕ್ಕೆ ತಂದು, ಉಳಿದದ್ದನ್ನು ಸುತ್ತಿದ ಹಾಗೆಯೇ ಪರದೆಯ ಮಗ್ಗುಲಿಗೆ ಇಟ್ಟಿದ್ದ. ಸುತ್ತಿದ ವಯರಿನಲ್ಲಿ ಕರೆಂಟು ಹರಿದಾಗ ಹುಟ್ಟುವ ಕಾವು ಹೊರಹೋಗಲು ದಾರಿ ಇರುವುದಿಲ್ಲ, ಒಂದು ಸುತ್ತಿನ ಬಿಸಿ ಇನ್ನೊಂದಕ್ಕೆ. ಭಾರ ಹೆಚ್ಚಿದ್ದರೆ ಹೊದಿಕೆ ಮೆದುವಾಗಿ ಕರಗಲೂಬಹುದು, ಪಕ್ಕದಲ್ಲಿ ಪರದೆ! ಹುಡುಗ ಮರುಮಾತಿಲ್ಲದೆ ಎರಡು ಸುತ್ತಿನ ವಯರು ತಂದು ಬದಲಿಸಿದ. ಕೊನೆಗೆ ಎಲ್ಲ ವಯರುಗಳೂ ಬಂದು ಸೇರುವ ಪೆಟ್ಟಿಗೆಯಲ್ಲಿ ಒಂದು ಸಣ್ಣ ಗುಂಡಿಯನ್ನು ಮಾಸ್ತರರು ಒತ್ತಿದರು. ಟಕ್ಕೆಂದು ಕರೆಂಟು ಹೋಯಿತು. ಮತ್ತೆ ಮೇಲೆತ್ತಿದರು. ಕರೆಂಟು ದಾರಿ ತಪ್ಪಿ ಮನುಷ್ಯನ ಮೈಯಿಂದ ನೆಲಕ್ಕೆ ಇಳಿಯತೊಡಗಿದರೆ, 30 ಮಿಲಿ ಆಂಪಿಯರ್ ದಾಟುವ ಮೊದಲೇ ಕಣ್ಣೆವೆಯಿಕ್ಕುವಷ್ಟರಲ್ಲಿ ಕಡಿದುಹಾಕುವ ಸಾಧನವದು. ಪ್ರತಿ ಊರಿನಲ್ಲಿಯೂ ಆಟಕ್ಕೆ ಮೊದಲು ಅದನ್ನು ಒತ್ತಿ ನೋಡುತ್ತಾರೆ. ನಾವು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆವು. ಏಕೆ ನಿಂತಿದ್ದೆವೆಂಬುದನ್ನು ಅವರಿಗೆ ಹೇಳಲಿಲ್ಲ.

ದೀಪಗಳೆಲ್ಲ ಹತ್ತಿ, ಬೆಳಕು ಬೀಳಬೇಕಾದ ಕಡೆ ಬಿದ್ದಾಗ ಏಳು ಗಂಟೆಗೆ ಎಂಟು ನಿಮಿಷವಿತ್ತು. ನಾಟಕ ಹೇಳಿದ ಹೊತ್ತಿಗೆ ಆರಂಭವಾಯಿತು. ಪೆಟ್ಟು ತಿಂದವರೆಂದರೆ ಹತ್ತಕ್ಕೆ ಬರೋಣವೆಂದು ಎದ್ದು ಹೋಗಿದ್ದ ಹಿರಿಯರು. ಅವರಿಗೆ ಅರ್ಧ ಆಟವೇ ಸಿಕ್ಕಿತು. ನಾಟಕದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಮಕ್ಕಳು ನಿದ್ದೆಹೋಗುವ ಮೊದಲೇ ಕತೆ ಮುಗಿಯಿತು, ಹತ್ತಕ್ಕೆಲ್ಲ ಜನ ಮನೆ ಸೇರಿದರು. ನಮ್ಮ ಕಾಲದ ಜಾತ್ರೆಯ ನಾಟಕಗಳಲ್ಲಿ ಹೆಣ್ಣುಮಕ್ಕಳು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳ್ಳಿಚುಕ್ಕಿ ಮೂಡುವವರೆಗೆ ಕುಳಿತಿರುತ್ತಿದ್ದುದು ನೆನಪಾಯಿತು. ಅದರಲ್ಲಿ ಅರ್ಧ ರಾತ್ರಿ ದೀಪದವರ ಸಿಕ್ಕು ಬಿಡಿಸುವುದರಲ್ಲಿಯೇ ಹೋಗುತ್ತಿತ್ತೇನೋ.

ಆಟ ಮುಗಿದ ಮೇಲೆ ನಮಗೆ ಬೇಕಾದ ಪಾಠ ಆರಂಭವಾಯಿತು. ಬಣ್ಣ ಒರೆಸಿಕೊಂಡು ಬಂದ ನಟರೂ ಕೈ ಹಾಕಿದರು. ಎಲ್ಲರ ಕಣ್ಣಲ್ಲಿ ನಿದ್ದೆ. ಅಡುಗೆಯವರು ಅನ್ನ ಸಾರು ಇಳಿಸಿ ಕಾಯುತ್ತಿದ್ದರು. ಸುಮ್ಮನೆ ಗೋಣಿಚೀಲಕ್ಕೆ ತುರುಕಿದ್ದರೆ ಐದು ನಿಮಿಷದ ಕೆಲಸ. ಆದರೆ ಒಬ್ಬೊಬ್ಬರೂ ಒಂದೊಂದು ವಯರು ಹಿಡಿದು ನಿಧಾನವಾಗಿ ಸುತ್ತತೊಡಗಿದರು. ನಮ್ಮ ಕಡೆ ವಯರು ಸುತ್ತುವುದೆಂದರೆ ಹೆಬ್ಬೆರಳಿಗೂ ಮೊಣಕೈಗೂ ನಡುವೆ ಬಿಗಿಯಾಗಿ ಸುತ್ತುವುದು. ಹಾಗೆ ಸುತ್ತಿದಾಗ ಸುತ್ತಿಗೊಂದು ಹುರಿ ಏರುತ್ತದೆ. ನೂಲಿನ ಹಗ್ಗವಾದರೆ ಹುರಿ ತಡೆದುಕೊಂಡೀತು. ತಾಮ್ರದ ಎಳೆಗಳು ಒಳಗೊಳಗೇ ತಿರುಚಿ ಮುರಿಯುತ್ತವೆ, ಹೊರಗಿನ ಹೊದಿಕೆಗೆ ಏನೂ ಆಗಿರುವುದಿಲ್ಲ. ಇವರು ಮೊದಲ ಸುತ್ತನ್ನು ಸಹಜವಾಗಿ ಮೇಲಿನಿಂದ ಇಳಿಬಿಡುತ್ತಾರೆ. ಎರಡನೆಯ ಸುತ್ತಿಗೆ ಮಣಿಕಟ್ಟನ್ನು ಒಳಕ್ಕೆ ಹೊರಳಿಸಿ ವಯರು ಕೆಳಗಿನಿಂದ ಬರುವಂತೆ ಹಿಡಿಯುತ್ತಾರೆ. ಮೂರನೆಯದು ಮತ್ತೆ ಮೇಲಿನಿಂದ. ಒಂದು ಸುತ್ತಿನಲ್ಲಿ ಏರಿದ ಹುರಿಯನ್ನು ಮುಂದಿನ ಸುತ್ತು ಇಳಿಸುತ್ತದೆ. ಮರುದಿನ ಎಸೆದಾಗ ನೆಟ್ಟಗೆ ಬೀಳುವುದು ಇದರಿಂದ.

ನಾವೂ ಒಂದು ವಯರು ಕೇಳಿ ಪಡೆದೆವು. ಮೇಲಿನ ಸುತ್ತು ಬಂತು. ಕೆಳಗಿನ ಸುತ್ತಿಗೆ ನಮ್ಮ ಅರವತ್ತು ದಾಟಿದ ಮಣಿಕಟ್ಟು ಒಪ್ಪಲಿಲ್ಲ. ಮೂರು ಸಲವೂ ತಪ್ಪಿತು. ಮೊಮ್ಮಗ ಮಾತ್ರ ನಾಲ್ಕನೆಯ ಸಲಕ್ಕೇ ಕಲಿತುಬಿಟ್ಟ. ಕಲಿತ ಹೆಮ್ಮೆಯಲ್ಲಿ ಕೊನೆಯ ತುದಿಯನ್ನು ಸಿಂಬೆಯ ನಡುವೆ ತೂರಿಸಿ ಲಾಡಿ ಕಟ್ಟಿದ. ಮಾಸ್ತರರು ನಗುತ್ತ ಅದನ್ನೇ ಬಿಚ್ಚಿ ಎಳೆದು ತೋರಿಸಿದರು: ಮಣಿಸರದಂತೆ ಸಾಲಾಗಿ ಆರು ಗಂಟುಗಳು! ಈ ಪದ್ಧತಿಯ ಒಂದೇ ಅಪಾಯ ಅದು. ತುದಿ ನಡುವಿನಿಂದ ಹಾಯ್ದರೆ ಒಂದು ಬಿಟ್ಟು ಒಂದು ಸುತ್ತು ಗಂಟಾಗುತ್ತದೆ. ಆದ್ದರಿಂದ ಲಾಡಿಯನ್ನು ಒಂದು ತುದಿಗೆ ಖಾಯಮ್ಮಾಗಿ ಬಿಗಿದು, ಅದರಿಂದಲೇ ಸಿಂಬೆಯನ್ನು ಹೊರಗಿನಿಂದ ಕಟ್ಟುತ್ತಾರೆ. ಹುಡುಗನ ಮುಖ ಸಪ್ಪಗಾದದ್ದನ್ನು ನೋಡಿ, "ನಾನೂ ಮೊದಲ ವರ್ಷ ಇಂಥವ ಎಷ್ಟೋ ಗಂಟು ಹಾಕೇನೋ ತಮ್ಮಾ" ಎಂದರು.

ಸುತ್ತುವಾಗ ಇನ್ನೊಂದು ಕೆಲಸವೂ ತಾನಾಗಿ ಆಗುತ್ತದೆ. ವಯರಿನ ಪೂರ್ತಿ ಉದ್ದ ಅಂಗೈಯಲ್ಲಿ ಹಾಯ್ದುಹೋಗುತ್ತದೆ. ಎಲ್ಲಿ ಸೀಳಿದೆ, ಎಲ್ಲಿ ಮೆದುವಾಗಿದೆ, ಎಲ್ಲಿ ಇಲಿ ಹಲ್ಲು ಹಚ್ಚಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಆ ರಾತ್ರಿ ಒಬ್ಬ ನಟಿ ಹೀಗೆಯೇ ಒಂದು ವಯರನ್ನು ಪಕ್ಕಕ್ಕೆ ಇಟ್ಟಳು. ಪ್ಲಗ್ಗಿನ ಕುತ್ತಿಗೆಯ ಬಳಿ ಒಳಗಿನ ಹಸಿರು ಎಳೆ ಇಣುಕುತ್ತಿತ್ತು. ಅದಕ್ಕೆ ಕೆಂಪು ಚಿಂದಿ ಕಟ್ಟಿ ಬೇರೆ ಚೀಲಕ್ಕೆ ಹಾಕಿದರು. ಟೇಪು ಸುತ್ತಿ ಮತ್ತೆ ಪೆಟ್ಟಿಗೆಗೆ ಹಾಕುವುದು ಇಲ್ಲಿ ನಿಷಿದ್ಧ. ಹಗಲಿನಲ್ಲಿ ಬಿಚ್ಚಿ, ಕತ್ತರಿಸಿ, ಹೊಸ ಪ್ಲಗ್ಗು ಹಾಕಿದ ಮೇಲೆಯೇ ಅದು ಮರಳಿ ಪಂಕ್ತಿಗೆ ಬರಬೇಕು. ಉದ್ದ ಕಡಿಮೆಯಾದರೆ ಪಟ್ಟಿಯ ಎಣಿಕೆಯೂ ಬದಲಾಗಬೇಕು.

ಗಾಡಿ ತುಂಬುವ ಕ್ರಮವನ್ನೂ ಹೇಳಿಬಿಡುತ್ತೇವೆ. ನಾಳೆಯ ಊರಿನಲ್ಲಿ ಯಾವುದು ಮೊದಲು ಬೇಕೋ ಅದು ಇಂದು ಕೊನೆಗೆ ಏರಬೇಕು. ಆದ್ದರಿಂದ ಮೊದಲು ವೇಷದ ಪೆಟ್ಟಿಗೆಗಳು, ಆಮೇಲೆ ಪರದೆ, ಆಮೇಲೆ ದೀಪಗಳು, ಎಲ್ಲಕ್ಕೂ ಕೊನೆಗೆ ವಯರಿನ ಪೆಟ್ಟಿಗೆ ಮತ್ತು ಸ್ಟ್ಯಾಂಡು. ಮುಚ್ಚಳದ ಒಳಬದಿಗೆ ಅಂಟಿಸಿದ ಕಾಗದದಲ್ಲಿ ಎಷ್ಟು ಸುತ್ತಿನವು ಎಷ್ಟು ಎಂಬ ಲೆಕ್ಕವಿದೆ. ಅಷ್ಟು ಎಣಿಸಿದ ಮೇಲೆಯೇ ಊಟ. ಅಂದು ಒಂದು ಸುತ್ತಿನದು ಒಂದು ಕಡಿಮೆ ಬಂತು. ಹದಿನಾಲ್ಕು ಜನ ಬ್ಯಾಟರಿ ಹಿಡಿದು ಬಯಲೆಲ್ಲ ಹುಡುಕಿದರು. ಶಾಲೆಯ ಕಿಟಕಿಯ ಸರಳಿಗೆ ಸಿಕ್ಕಿಸಿದ್ದು ಕೊನೆಗೆ ನಮ್ಮ ಮೊಮ್ಮಗನ ಕಣ್ಣಿಗೆ ಬಿತ್ತು, ಅವನಿಗೆ ಎಲೆಯ ಮೇಲೆ ಒಂದು ಹೋಳಿಗೆ ಹೆಚ್ಚಿಗೆ ಬಿದ್ದಿತು. ಊಟಕ್ಕೆ ಕುಳಿತಾಗ ಹನ್ನೊಂದೂಕಾಲು.

ಊರಿಗೆ ಮರಳಿದ ಮೂರನೆಯ ದಿನ ನಾವು ಆ ಹುಡುಗನ ಮನೆಗೆ ಹೋದೆವು. ಹುಡುಗನೆಂದರೆ ಈಗ ನಲವತ್ತಾರು ದಾಟಿದವನು. ಮಗಳ ಮದುವೆ ಮಾಡಿದ್ದಾನೆ. ಇಷ್ಟು ವರ್ಷ ಎದುರು ಸಿಕ್ಕಾಗಲೆಲ್ಲ ಶರಣು ಶರಣಾರ್ಥಿ ಎಂದು ಮುಂದೆ ಸಾಗುತ್ತಿದ್ದೆವೇ ಹೊರತು ಅಂದಿನ ಮಾತು ಎತ್ತಿರಲಿಲ್ಲ. "ಅವತ್ತು ನಾವು ನಿಮ್ಮನ್ನು ಅವಸರ ಮಾಡಿದ್ದು ತಪ್ಪಾಯಿತಪ್ಪಾ" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಾರ, ನೀವು ಗದರಿದ್ದು ನನಗ ಕೇಳಿಸಿದ್ದಿಲ್ಲ. ನಾನ ಲಗೂ ಮಾಡಾಕ ಹೋಗಿದ್ದೆ" ಎಂದ. ಅದು ನಿಜವೋ, ನಮ್ಮ ಮನಸ್ಸಿನ ಭಾರ ಇಳಿಸಲು ಹೇಳಿದ್ದೋ ನಮಗೆ ತಿಳಿಯದು.

ನಮ್ಮೂರ ಸಮಿತಿಗೂ ಈಗ ಸ್ವಂತ ದೀಪಗಳಿವೆ. ವಯರುಗಳು ದೇವಸ್ಥಾನದ ಹಿಂದಿನ ಕೋಣೆಯಲ್ಲಿ ಎರಡು ಗೋಣಿಚೀಲದಲ್ಲಿ ಬಿದ್ದಿದ್ದವು. ಕಳೆದ ಅಮಾವಾಸ್ಯೆಯ ದಿನ ಅವನೂ ನಾವೂ ಮೊಮ್ಮಗನೂ ಸೇರಿ ಚೀಲಗಳನ್ನು ಅಂಗಳದಲ್ಲಿ ಸುರಿದೆವು. ಒಟ್ಟು ಮೂವತ್ತೊಂದು ವಯರು. ಅದರಲ್ಲಿ ಒಂಬತ್ತಕ್ಕೆ ನಡುವೆ ಜಾಯಿಂಟು. ಆ ಒಂಬತ್ತನ್ನು ಅವನೇ ಜಾಯಿಂಟಿನ ಕಡೆ ಕತ್ತರಿಸಿದ. ಉಳಿದವನ್ನು ಮೊಮ್ಮಗ ಅಳೆದ, ನಾವು ಪಟ್ಟಿ ಕತ್ತರಿಸಿ ಕೊಟ್ಟೆವು, ಅವನು ಮಡಚಿದ ಎರಡು ಬೆರಳಿನ ಸಂದಿಯಲ್ಲಿ ವಯರನ್ನು ಹಿಡಿದು ಎಡಗೈಯಿಂದ ಪಟ್ಟಿ ಸುತ್ತಿದ. ಖಾನೆಯ ಪೆಟ್ಟಿಗೆಯನ್ನು ಊರಿನ ಬಡಿಗೇರರು ಮಾಡಿಕೊಡುವುದಾಗಿ ಒಪ್ಪಿದ್ದಾರೆ. ಒತ್ತಿದರೆ ಟಕ್ಕೆನ್ನುವ ಆ ಸಾಧನಕ್ಕೆ ಹಣ ಮಂಜೂರು ಮಾಡಿಸಬೇಕು. ಬರುವ ಸೋಮವಾರ ಸಮಿತಿಯ ಸಭೆಯಿದೆ.